ಮೊದಲೇ ಖಾಲಿಯಾಗಿದ್ದ ಗೂಡು

ಆ ಎತ್ತರದ ಕಚೇರಿ ಕಟ್ಟಡದಲ್ಲಿ ಲಿಫ್ಟ್ ಕೆಟ್ಟರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಪಾರಿವಾಳದವನನ್ನು ಕರೆಯಿರಿ. ಲಿಫ್ಟ್ ಮೆಕ್ಯಾನಿಕ್ ತನ್ನ ಮನೆಯ ತಾರಸಿಯಲ್ಲಿ ಪಂದ್ಯದ ಪಾರಿವಾಳ ಸಾಕಿದ್ದ. ಊಟಕ್ಕೆ ಕೂತರೂ ಅವುಗಳದೇ ಪುರಾಣ. ತನಗೂ ಎರಡು ರೆಕ್ಕೆ ಇದ್ದಿದ್ದರೆ ಗಂಡ ಇನ್ನೂ ಚೆನ್ನಾಗಿ ನೋಡಿಕೊಳ್ಳುತ್ತಿದ್ದ ಎಂದು ಹೆಂಡತಿ ನೆರೆಯವರ ಮುಂದೆ ನಗುತ್ತಿದ್ದಳು.

ಆ ವರ್ಷ ಕಟ್ಟಡದ ನೆತ್ತಿಯಲ್ಲಿ, ಲಿಫ್ಟಿನ ಮೋಟಾರು ಕೋಣೆಯ ಹೊರಗೆ ಗೋಡೆಯಿಂದ ಚಾಚಿಕೊಂಡ ಕಟ್ಟೆಯ ಮೇಲೆ, ಪೆರೆಗ್ರಿನ್ ಗಿಡುಗಗಳ ಜೋಡಿಯೊಂದು ಮರಿ ಮಾಡಿತು. ಹಾರುವ ಹಕ್ಕಿಯ ಮೇಲೇ ಆಕಾಶದಿಂದ ಕಲ್ಲು ಬಿದ್ದ ಹಾಗೆ ಎರಗುವ ಜಾತಿ ಅದು. ಎದುರು ಕಟ್ಟಡದವರು ಕಿಟಕಿಯಲ್ಲಿ ದುರ್ಬೀನು ಇಟ್ಟುಕೊಂಡು, ಹತ್ತಿಯುಂಡೆಯಂಥ ಮೂರು ಮರಿಗಳನ್ನು ಸರದಿ ಹಚ್ಚಿ ನೋಡುತ್ತಿದ್ದರು. ಗೇಟು ಕಾಯುವ ತಾತನಂತೂ ಸ್ವಂತ ಮೊಮ್ಮಕ್ಕಳ ಸುದ್ದಿಯೆಂಬಂತೆ ಬಂದವರಿಗೆಲ್ಲ ಹೇಳುತ್ತಿದ್ದ. ಮೆಕ್ಯಾನಿಕ್‌ಗೆ ಮಾತ್ರ ಹೊಟ್ಟೆಯುರಿ. ಅವನ ಪಾರಿವಾಳಗಳು ಒಂದೊಂದಾಗಿ ಮನೆ ಸೇರದೆ ಹೋಗುತ್ತಿದ್ದವು. ಅಂಗೈಯಿಂದಲೇ ಕಾಳು ತಿನ್ನುತ್ತಿದ್ದ ಬಿಳಿ ಹೆಣ್ಣು ಪಾರಿವಾಳ ಕಣ್ಣೆದುರಿಗೇ ಗಿಡುಗದ ಪಾಲಾದ ದಿನ ಅವನಿಗೆ ಅನ್ನ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಸ್ಪ್ಯಾನರುಗಳ ಅಡಿಯಲ್ಲಿ ಗೋಣಿಚೀಲ ಮಡಿಸಿಟ್ಟುಕೊಂಡು ಮೇಲೆ ಹತ್ತಿದ. ಮರಿಗಳನ್ನು ಚೀಲಕ್ಕೆ ತುಂಬಿದ ಮೇಲೇನು ಎಂದು ಯೋಚಿಸಿರಲಿಲ್ಲ ಎಂದರೆ ಸುಳ್ಳಾದೀತು, ಯೋಚಿಸಿದ್ದ. ಮೋಟಾರು ಕೋಣೆಯ ಸಣ್ಣ ಬಾಗಿಲು ತೆರೆದರೆ ಕಟ್ಟೆ ಖಾಲಿ. ಪುಕ್ಕ, ಎಲುಬು, ಒಂದಿಷ್ಟು ಜಲ್ಲಿ, ಅಷ್ಟೇ. ಕೆಲಸ ತಾನಾಗಿಯೇ ಆಯಿತಲ್ಲ ಎಂದು ಒಳಗೊಳಗೇ ಹಿಗ್ಗಿದ. ಅಷ್ಟರಲ್ಲಿ ತಾಯಿಗಿಡುಗ ಬೇಟೆ ಹಿಡಿದು ಬಂದು ಕೂತಿತು. ಅತ್ತ ತಿರುಗಿ ಕರೆಯಿತು, ಇತ್ತ ತಿರುಗಿ ಕರೆಯಿತು. ಬೇಟೆಯನ್ನು ತಾನೂ ತಿನ್ನಲಿಲ್ಲ. ಅವನು ಮೆಲ್ಲಗೆ ಬಾಗಿಲೆಳೆದುಕೊಂಡು ಇಳಿದುಬಂದ.

ಮರಿಗಳು ಕಾಣೆಯಾದ ಸುದ್ದಿ ಕೇಳಿ ಹಕ್ಕಿಗಳ ವಿಷಯ ಬಲ್ಲ ಅಧಿಕಾರಿಗಳು ಬಂದು ರಸ್ತೆ, ಚರಂಡಿ, ಅಕ್ಕಪಕ್ಕದ ತಾರಸಿ ಎಲ್ಲ ಜಾಲಾಡಿದರು. ಗೂಬೆ ಒಯ್ದಿತೋ, ಗಾಳಿಗೆ ಬಿದ್ದವೋ, ಯಾರಾದರೂ ಕದ್ದರೋ, ಆಗಲೂ ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ. ಆದರೆ ಮೋಟಾರು ಕೋಣೆಯ ಬೀಗದ ಕೈ ಇದ್ದದ್ದು ಮೆಕ್ಯಾನಿಕ್‌ನ ಬಳಿ ಮಾತ್ರ. ಗುಸುಗುಸು ಶುರುವಾಯಿತು, ಕಟ್ಟಡದ ಮ್ಯಾನೇಜರು ಅವನನ್ನು ಕರೆಸಿ ವಿಚಾರಿಸಿದರು. ಸುದ್ದಿ ಕಿವಿಗೆ ಬಿದ್ದದ್ದೇ ಹೆಂಡತಿ ಕಚೇರಿಗೇ ಬಂದು ನಿಂತಳು.

“ನಮ್ಮನೆಯವರು ಬೋನಿಗೆ ಇಲಿ ಬಿದ್ರೂ ದೂರ ತಗೊಂಡು ಹೋಗಿ ಬಿಟ್ಟು ಬರೋರು. ಅವರ ಮೇಲೆ ಹೊರಿಸ್ತೀರಾ?”

ಮ್ಯಾನೇಜರಿಗೆ ನಾಚಿಕೆಯಾಯಿತು. ಎಲ್ಲರೆದುರು ಮೆಕ್ಯಾನಿಕ್‌ನ ಕೈ ಹಿಡಿದು ತಪ್ಪಾಯಿತು ಎಂದರು, ಟೀ ತರಿಸಿದರು. ಅವನು ಟೀ ಲೋಟವನ್ನು ಹಾಗೇ ಮೇಜಿನ ಮೇಲಿಟ್ಟ. ಬೈಗುಳವಾಗಿದ್ದರೆ ನುಂಗಿಬಿಡುತ್ತಿದ್ದ.

ಮನೆಯಲ್ಲಿ, ಬಟ್ಟೆ ಮಡಚುತ್ತಿದ್ದ ಹೆಂಡತಿಗೆ ಹೇಳಿದ: “ನಾನು ಮಾಡ್ಲಿಲ್ಲ. ಆದ್ರೆ ಮಾಡೋಕೇ ಹೋಗಿದ್ದೆ.”

ಅವಳು ಮಡಚುವುದನ್ನು ನಿಲ್ಲಿಸಿದಳು. “ಮತ್ತೆ ಅಲ್ಲಿ ಯಾಕೆ ಸುಮ್ನೆ ನಿಂತಿದ್ರಿ?”

“ನೀನು ಅಷ್ಟು ಚೆನ್ನಾಗಿ ಹೇಳ್ತಿದ್ದೆ.”

ಅವಳ ಮುಖ ಸಣ್ಣದಾಯಿತು. ಅಷ್ಟು ಜನರ ಮುಂದೆ ತನ್ನನ್ನೂ ಸುಳ್ಳುಗಾತಿ ಮಾಡಿದಿರಿ, ಹೋಗಿ ನಿಜ ಹೇಳಿ ಬನ್ನಿ ಎಂದಳು.

ಹೋಗಿ ಹೇಳಿದ. ಮ್ಯಾನೇಜರು ನಕ್ಕುಬಿಟ್ಟರು. ಮನಸ್ಸಿನಲ್ಲಿ ಮಾಡಿದ್ದಕ್ಕೆಲ್ಲ ಕೆಲಸದಿಂದ ತೆಗೆದರೆ ಈ ಕಚೇರಿಯಲ್ಲಿ ತಾನೂ ಉಳಿಯುವುದಿಲ್ಲ, ಹೋಗಿ ಲಿಫ್ಟ್ ನೋಡಿ ಎಂದರು. ಅವನ ಭಾರ ಅವನಲ್ಲೇ ಉಳಿಯಿತು. ಗೇಟಿನ ಬಳಿ ಬಂದು ತಾತನಿಗೂ ಹೇಳಿದ.

ತಾತ ನಗಲಿಲ್ಲ. “ಮರಿಗಳು ಸಿಕ್ಕಿದ್ದಿದ್ರೆ?” ಎಂದ.

ಅಷ್ಟರಲ್ಲಿ ಕಾರೊಂದು ಬಂತು. ತಾತ ಗೇಟು ತೆಗೆಯಲು ಎದ್ದುಹೋದ.

ಆಮೇಲೂ ತಾತ ಅವನೊಂದಿಗೆ ಮಂಡಿನೋವು, ಸೊಸೆ, ಸಂಬಳ ಎಲ್ಲ ಮಾತಾಡುತ್ತಿದ್ದ. ಹಕ್ಕಿಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ಮರುವರ್ಷ ಗಿಡುಗಗಳು ಮತ್ತೆ ಮೊಟ್ಟೆಯಿಟ್ಟಾಗ ತಾತ ಬಂದವರಿಗೆಲ್ಲ ಹೇಳಿದರೂ, ಆ ಸುದ್ದಿ ಮೆಕ್ಯಾನಿಕ್‌ಗೆ ತಿಳಿದದ್ದು, ಲಿಫ್ಟಿನೊಳಗೆ ಯಾರೋ ಇಬ್ಬರು ಗುಮಾಸ್ತರು ಮಾತಾಡಿಕೊಳ್ಳುತ್ತಿದ್ದಾಗ.