ಹಲ್ಲು ಕಟ್ಟುವವರಿಗೆ ಬುದ್ಧಿ ಹೇಳಿದವರು

ಈಚೆಗೆ ಒಂದು ಭಾನುವಾರ ನಮ್ಮ ಡೈನಿಂಗ್ ಟೇಬಲ್ ಮೇಲೆ, ಇಡ್ಲಿ ಪಾತ್ರೆಯ ಪಕ್ಕದಲ್ಲೇ, ಸಾಲಾಗಿ ಹಲ್ಲುಗಳಿದ್ದವು. ನಮ್ಮವಲ್ಲ. ಕಾಫಿ ಲೋಟ ಹಿಡಿದು ಬಂದ ನಮ್ಮ ಯಜಮಾನರು ಅಲ್ಲೇ ನಿಂತುಬಿಟ್ಟರು. (ಆಮೇಲೆ ಇಡ್ಲಿ ಬೇಡ ಎಂದರು.)

ಹಲ್ಲುಗಳು ಊರಂಚಿನ ಹೇರೋಹಳ್ಳಿಯ ಅಜ್ಜ ಅಜ್ಜಿಯರವು. ಅವು ಚಂದ್ರಾ ಲೇಔಟಿನ ನಮ್ಮ ಮನೆಗೆ ಹೇಗೆ ಬಂದವು ಎಂದು ಹೇಳಿಬಿಡುತ್ತೇನೆ. ಹೇಳದಿದ್ದರೆ ನನ್ನ ಬಿ.ಪಿ. ಇಳಿಯುವುದಿಲ್ಲ.

ನಮ್ಮ ಪಕ್ಕದ ಮನೆಯವರು ಸಾಲೊಮನ್. ಗೋವಿಂದರಾಜನಗರದಲ್ಲಿ ಅವರದೊಂದು ಪುಟ್ಟ ಡೆಂಟಲ್ ಲ್ಯಾಬ್ ಇದೆ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವರು ಹಲ್ಲಿನ ಸೆಟ್ ಮಾಡಿಕೊಡುತ್ತಾರೆ. ವರ್ಷಕ್ಕೊಮ್ಮೆ ಅವರ ಚರ್ಚಿನಿಂದ ಒಂದು ತಂಡ ತಾಂಜಾನಿಯಾದ ಹಳ್ಳಿಯೊಂದಕ್ಕೆ ಹೋಗುತ್ತದೆ. ಡಾಕ್ಟರು, ನರ್ಸುಗಳು, ಜೊತೆಗೆ ಸಾಲೊಮನ್. ಟಿಕೆಟ್ಟು ಅವರದೇ, ರಜೆ ಅವರದೇ, ಸೂಟ್‌ಕೇಸ್ ತುಂಬ ಪ್ಲಾಸ್ಟರ್ ಮತ್ತು ಮೇಣ. ಯಾಕೆ ಹೋಗುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಹಲ್ಲು ಕಟ್ಟುವವರು ಬೇಕು ಅಂತ ಚರ್ಚಿನಲ್ಲಿ ಕೇಳಿದರಂತೆ, ತನಗೆ ಬರುವುದು ಅದೊಂದೇ ಕೆಲಸವಂತೆ. ಅಷ್ಟೇ ಅವರ ವಿವರಣೆ.

ಅಷ್ಟು ಸಾಕಾಗುವುದಿಲ್ಲವಲ್ಲ ನಮ್ಮ ಪಾರ್ಕಿನವರಿಗೆ! ವಾಕಿಂಗ್ ಮುಗಿಸಿ ಕಲ್ಲು ಬೆಂಚಿನ ಮೇಲೆ ಕೂತ ಬಡಾವಣೆ ಸಂಘದ ಅಧ್ಯಕ್ಷ ನಾಗಭೂಷಣ್ ಈ ಸಲ ಸಾಲೊಮನ್ ಅವರನ್ನು ಹಿಡಿದೇಬಿಟ್ಟರು. ಇಲ್ಲಿ ಬಡವರಿಲ್ಲವೇ? ಹೇರೋಹಳ್ಳಿಯ ಮುದುಕರಿಗೆ ಹಲ್ಲಿವೆಯೇ? ಸಮುದ್ರ ದಾಟಿ ಹೋಗಿ ಮಾಡಿದರೆ ಮಾತ್ರ ಸೇವೆಯೇ? ಆಮೇಲೆ ದನಿ ತಗ್ಗಿಸಿ, ನಿಜ ಹೇಳಿ, ಎಲ್ಲ ಮತಾಂತರಕ್ಕೇ ತಾನೇ ಎಂದೂ ಕೇಳಿದರು.

ನನಗೆ ಮೈಯೆಲ್ಲ ಉರಿಯಿತು. ಸಾಲೊಮನ್ ನಕ್ಕರು. “ಅಲ್ಲಿನೋರಿಗೆ ನನಗಿಂತ ಚೆನ್ನಾಗಿ ಪ್ರಾರ್ಥನೆ ಬರತ್ತೆ ಸಾರ್. ಹಲ್ಲಿಲ್ಲ, ಅಷ್ಟೇ.” ಹೇರೋಹಳ್ಳಿಗೂ ಮಾಡಿಕೊಡುತ್ತೇನೆ, ನಮ್ಮ ಡಾಕ್ಟರನ್ನೂ ಕರೆತರುತ್ತೇನೆ; ಆದರೆ ಹಲ್ಲಿನ ಸೆಟ್ ಒಂದೇ ದಿನದ ಕೆಲಸವಲ್ಲ, ವಯಸ್ಸಾದವರನ್ನು ಮತ್ತೆ ಮತ್ತೆ ಕರೆತಂದು ಬಿಡಬೇಕು, ಅದನ್ನು ನೀವು ನೋಡಿಕೊಳ್ಳಿ ಎಂದರು. ಅದೊಂದು ಕೆಲಸವೇ ಎಂದರು ನಾಗಭೂಷಣ್.

ಸಂಜೆಯೊಳಗೆ ವಾಟ್ಸ್ಯಾಪ್ ಗ್ರೂಪ್ ಹುಟ್ಟಿತು. ಮುಗಿದ ಕೈಗಳೇನು, ಚಪ್ಪಾಳೆಗಳೇನು! ಸಮುದಾಯ ಭವನ ಕೊಡುವುದಾಗಿ ಅಧ್ಯಕ್ಷರು ಘೋಷಿಸಿದರು. ಕಾರು ಕಳಿಸುತ್ತೇವೆಂದು ಹೆಬ್ಬೆರಳು ಎತ್ತಿದವರಿಗೆ ಲೆಕ್ಕವಿಲ್ಲ.

ಮೊದಲ ಭಾನುವಾರ ಉದ್ಘಾಟನೆಯಿತ್ತು. ಎಲ್ಲರೂ ಬಂದರು. (ಫೋಟೋ ಇತ್ತಲ್ಲ?) ಡಾಕ್ಟರು ಅಚ್ಚು ತೆಗೆದರು. ಎರಡನೆಯ ಭಾನುವಾರ ಮೇಣದಲ್ಲಿ ಜೋಡಿಸಿದ ಹಲ್ಲನ್ನು ಬಾಯಿಗಿಟ್ಟು ನೋಡಬೇಕು. ಅದೇ ಮುಖ್ಯವಾದ ದಿನ. ಅವತ್ತು ಭವನಕ್ಕೆ ಬೀಗ! ಕೀಲಿ ನಾಗಭೂಷಣ್ ಜೇಬಿನಲ್ಲಿ, ನಾಗಭೂಷಣ್ ಯಾರದೋ ಗೃಹಪ್ರವೇಶಕ್ಕೆ ಮಂಡ್ಯದಲ್ಲಿ, ಫೋನು ಸ್ವಿಚ್ ಆಫ್. ಡಬ್ಬ ಹಿಡಿದ ಸಾಲೊಮನ್, ಬ್ಯಾಗು ಹಿಡಿದ ಡಾಕ್ಟರು, ಮನೆಯವರ ಜೊತೆ ಬಂದಿದ್ದ ಹಿರಿಯರು, ಎಲ್ಲರೂ ಬಿಸಿಲಲ್ಲಿ. ನಮ್ಮ ಮನೆಗೇ ಬನ್ನಿ ಎಂದೆ. ಇನ್ನೇನು ಮಾಡಲಿ?

ಗೌರಮ್ಮ ಮಾತ್ರ ಬಂದಿರಲಿಲ್ಲ. ಹೇರೋಹಳ್ಳಿಯ ಹಳೇ ಮನೆತನದ ಅಜ್ಜಿ. ಮಗ ಸೊಸೆ ಇಬ್ಬರಿಗೂ ಭಾನುವಾರವೂ ಕೆಲಸ. ಅವರನ್ನು ಕರೆತರಲು ಒಪ್ಪಿದ್ದ ಮಹಾನುಭಾವರಿಗೆ ಫೋನು ಮಾಡಿದರೆ, ಅಲ್ಲಿ ರಸ್ತೆ ಅಗೆದಿದ್ದಾರೆ ಮೇಡಂ, ಹೊಸ ಗಾಡಿ, ಅಡಿ ತಾಗುತ್ತದೆ ಎಂದರು. ಗಾಡಿಯ ಅಡಿಗೆ ಇರುವ ಮರ್ಯಾದೆ ಅಜ್ಜಿಗಿಲ್ಲ. ಆಟೋದವರೂ ಒಪ್ಪಲಿಲ್ಲ. ನಾನೇ ನಮ್ಮ ಹಳೇ ಕಾರು ತೆಗೆದೆ.

ಗೌರಮ್ಮ ಜಗಲಿಯ ಮೇಲೆ ಕೂತಿದ್ದರು. ಹಬ್ಬದ ಸೀರೆ, ತಲೆಗೆ ಹೂವು. ಬೆಳಿಗ್ಗೆ ಎದ್ದವರೇ ಹಾಗೆ ಕೂತಿದ್ದಾರೆಂದು ಎದುರು ಮನೆಯವರು ಹೇಳಿದರು. ಕಾರು ಹತ್ತುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಹೇಳಿದರು:

“ಬರಾಕಿಲ್ವೇನೋ ಅನ್ಕಂಡಿದ್ದೆ ಕಣವ್ವ. ಮೊಮ್ಮಗಳ ನಿಶ್ಚಿತಾರ್ಥ ಐತೆ. ಬೀಗ್ರ ಮುಂದೆ ಬಾಯ್ ಬಿಡಾಕೆ ನಾಚ್ಕೆ ಆಯ್ತದೆ. ನಾನು ಅಡಿಗೆ ಮನೇಲೇ ಇರ್ತೀನಿ ಅಂದಿವ್ನಿ.”

ಮುದ್ದೆ ನುಂಗಲು ಹಲ್ಲು ಬೇಡವಂತೆ. ನಗಲು ಬೇಕು.

ನಮ್ಮ ಮನೆಯಲ್ಲಿ ಅವರ ಕೆಳಗಿನ ಸೆಟ್ ಸರಿಯಾಗಿ ಕೂರಲಿಲ್ಲ. ಇನ್ನೊಮ್ಮೆ ಮಾಡಬೇಕೆಂದರು ಡಾಕ್ಟರು. ಆ ವಾರವೇ ಸಾಲೊಮನ್ ತಾಂಜಾನಿಯಾಕ್ಕೆ ಹೊರಡುವವರು. ಪ್ಯಾಕಿಂಗ್ ಬಿಟ್ಟು ಲ್ಯಾಬಿನಲ್ಲಿ ಕೂತರು. ಹೊರಡುವ ದಿನ ಬೆಳಿಗ್ಗೆ ಡಾಕ್ಟರನ್ನು ಕರೆದುಕೊಂಡು ಹೇರೋಹಳ್ಳಿಗೇ ಹೋಗಿ ಉಳಿದವರಿಗೂ ಗೌರಮ್ಮನಿಗೂ ಹಲ್ಲು ಕೂರಿಸಿ, ಅಲ್ಲಿಂದ ಏರ್‌ಪೋರ್ಟಿಗೆ ಓಡಿದರು.

ನಿಶ್ಚಿತಾರ್ಥದ ಫೋಟೋವನ್ನು ಗೌರಮ್ಮನ ಸೊಸೆ ನನಗೆ ಕಳಿಸಿದಳು. ಅಜ್ಜಿ ಬೀಗಿತ್ತಿಯ ಪಕ್ಕದಲ್ಲೇ ಕೂತಿದ್ದಾರೆ. ಸೆರಗು ಹೆಗಲ ಮೇಲಿದೆ. ಬಾಯ್ತುಂಬ ನಗು. ಇದನ್ನು ಸಾಲೊಮನ್ ನೋಡಲಿ ಎಂದು ಗ್ರೂಪಿಗೆ ಹಾಕಿದೆ. ಅದೇ ಫೋಟೋ ಅರ್ಧ ಗಂಟೆಯಲ್ಲಿ ಸಂಘದ ಹೆಸರು, ಅಧ್ಯಕ್ಷರ ಮುಖ ಅಂಟಿಸಿಕೊಂಡು ವಾಪಸ್ ಬಂತು: ‘ನಮ್ಮ ಸಂಘದ ಹೆಮ್ಮೆಯ ಸೇವಾಕಾರ್ಯ’. ನಾನು ಉತ್ತರ ಟೈಪ್ ಮಾಡತೊಡಗಿದ್ದೆ. ಯಜಮಾನರು ಫೋನು ಕಿತ್ತುಕೊಂಡರು.

ಮೊನ್ನೆ ಸಾಲೊಮನ್ ವಾಪಸ್ ಬಂದರು. ಅಲ್ಲಿನ ಹಳ್ಳಿಯವರು ಶಾಲೆಯ ಕೋಣೆಯನ್ನು ಮೊದಲೇ ತೊಳೆದಿಟ್ಟಿದ್ದರಂತೆ. ದೂರದ ಗುಡ್ಡಗಳಿಂದ ಹಿರಿಯರನ್ನು ಬೈಕ್ ಹಿಂದೆ ಕೂರಿಸಿಕೊಂಡು ಕರೆತರುತ್ತಿದ್ದರಂತೆ, ಕೆಲಸ ಮುಗಿಯುವವರೆಗೆ ಜೊತೆಯಲ್ಲೇ ಕಾಯುತ್ತಿದ್ದರಂತೆ. ಇಲ್ಲಿಗೆ ಹೋಲಿಸಿ ಒಂದು ಮಾತೂ ಆಡಲಿಲ್ಲ ಪುಣ್ಯಾತ್ಮ. ಬದಲಿಗೆ, ಹೇರೋಹಳ್ಳಿಯ ಕ್ಯಾಂಪ್ ಮತ್ತೆ ಮಾಡೋಣ ಎಂದರು.

ನನಗೆ ಅವರ ಮೇಲೇ ರೇಗಿತು. ಇಷ್ಟಾದ ಮೇಲೂ ಯಾಕೆ ಬೇಕಿತ್ತು?

“ಹೊಸ ಸೆಟ್ ಒಂದೊಂದು ಕಡೆ ಒತ್ತತ್ತೆ ಮೇಡಂ, ಹುಣ್ಣಾಗತ್ತೆ. ನೋವು ಅಂತ ತೆಗೆದು ಡಬ್ಬಿಗೆ ಹಾಕಿಬಿಡ್ತಾರೆ. ಯಾರಾದ್ರೂ ನೋಡ್ಬೇಕಲ್ವಾ?”

ನೋಡಬೇಕು. ಹಾಗಾಗಿ ಮುಂದಿನ ತಿಂಗಳು ಮತ್ತೆ ಕ್ಯಾಂಪ್ ಇದೆ. ಭವನದಲ್ಲಲ್ಲ, ನಮ್ಮ ಮನೆಯಲ್ಲೇ. ಉದ್ಘಾಟನೆಯಿಲ್ಲ, ಫೋಟೋ ಇಲ್ಲ, ಹಿರಿಯರನ್ನು ಹೇರೋಹಳ್ಳಿಯಿಂದ ಹತ್ತಿಸಿಕೊಂಡು ಬಂದು ಮತ್ತೆ ಮನೆ ಮುಟ್ಟಿಸುವ ಕೆಲಸ ಮಾತ್ರ. ನಿಮ್ಮ ಹತ್ತಿರ ಕಾರಿದೆಯೇ?