ಅರ್ಧ ಸುತ್ತು ತಿರುಗಿದ ಸ್ಕ್ರೂ

ಡೆಲ್ಬರ್ಟ್ ಹ್ಯಾಚರ್ ಎಂದರೆ ನಮ್ಮೂರಿನ ಅರ್ಧ ಜನಕ್ಕೆ ಇವತ್ತಿಗೂ ವೆಸ್ಟಾಳ ಕಾಲು ಕಳೆದವನು. ವೆಸ್ಟಾ ನನ್ನ ಹೆಂಡತಿಯ ತಂಗಿ, ನಮ್ಮ ಮನೆಯಲ್ಲೇ ಇರುವವಳು. ನಡೆದದ್ದೇನು ಎಂದು ನಾನು ಹೇಳದಿದ್ದರೆ ಗೊತ್ತಿದ್ದವರಲ್ಲಿ ಬಾಯಿ ಬಿಡುವವರು ಬೇರೆ ಯಾರೂ ಇಲ್ಲ.

ವಾಬಾಶ್ ನದಿಯ ಪಕ್ಕದ ಈ ಊರಿನಲ್ಲಿ ನಾನು ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದೆ. ಡೆಲ್ಬರ್ಟ್ ತನ್ನ ತಾಯಿ ಇರ್ಮಾಳ ಮನೆಯ ಹಿಂದೆ ತಗಡಿನ ಶೆಡ್ ಹಾಕಿಕೊಂಡು ರಿಪೇರಿ ಮಾಡುತ್ತಿದ್ದ. ಮಾತು ಕಡಿಮೆ. ಭಾನುವಾರ ಚರ್ಚ್ ಮುಗಿಸಿ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದ. ವೆಸ್ಟಾ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳು ಮಾಡಿದ ಕೋಳಿ ಸಾರು, ನೂಡಲ್ಸ್ ಉಂಡು, ತಟ್ಟೆಗಳನ್ನೆಲ್ಲ ತಾನೇ ತೊಳೆದಿಟ್ಟು ಹೋಗುತ್ತಿದ್ದ. ಎಪ್ಪತ್ತೊಂದರ ಅಕ್ಟೋಬರಿನಲ್ಲಿ ಇಬ್ಬರ ಮದುವೆ ಎಂದು ನಿಶ್ಚಯವಾಗಿತ್ತು.

ಅವನ ತಮ್ಮ ಲಾನಿ ಬೇರೆಯೇ ಜಾತಿಯ ಮನುಷ್ಯ. ನೋಡಲು ಚೆಂದ, ಹತ್ತು ಜನರ ನಡುವೆ ಇದ್ದರೇನೇ ಉಸಿರಾಡುವವನು. ಆ ಬೇಸಿಗೆಯಲ್ಲಿ ಅವನ ಹೆಂಡತಿ ಜೋಲೀನ್ ಬಸುರಿ. ಅವನಿಗೆ ಮಾತ್ರ ತನ್ನ ಕೆಂಪು ಕಾರಿಗೆ ರೇಸಿನ ಕ್ಯಾಮ್‌ಶಾಫ್ಟ್ ಹಾಕಿಸುವ ಹುಚ್ಚು. ಅದನ್ನು ಹಾಕಿದರೆ ಇಂಜಿನ್ನಿನ ವಾಲ್ವುಗಳು ಹೆಚ್ಚು ಹೊತ್ತು ತೆರೆದಿರುತ್ತವೆ. ಓಡುವಾಗ ಕಾರು ಹಾರುತ್ತದೆ, ನಿಂತಾಗ ಗುಡುಗುಡು ಎಂದು ಮೈಯೆಲ್ಲ ನಡುಗುತ್ತದೆ. ಶನಿವಾರ ಸಂಜೆ ಮುಖ್ಯ ಬೀದಿಯಲ್ಲಿ ಮೆಲ್ಲಗೆ ಸಾಗುತ್ತ ಆ ಸದ್ದನ್ನು ಕೇಳಿಸುವುದೇ ನಮ್ಮೂರ ಹುಡುಗರ ದೊಡ್ಡಸ್ತಿಕೆ.

ಡೆಲ್ಬರ್ಟ್ ಹಾಕಿಕೊಟ್ಟ. ಗ್ಯಾಸ್ಕೆಟ್ ಕೊಡಲು ಹೋದವನು ನಾನೂ ಅಲ್ಲೇ ನಿಂತೆ. ಇಂಜಿನ್ ಚೆನ್ನಾಗಿ ಕಾಯುವವರೆಗೂ ಅವನು ಸ್ಕ್ರೂಗಳಿಗೆ ಕೈ ಹಾಕಲಿಲ್ಲ. ಆಮೇಲೆ ಇಂಜಿನ್ ಒಳಗೆಳೆಯುವ ಗಾಳಿಯ ಬಲ ಅಳೆಯುವ ಗೇಜು ಸಿಕ್ಕಿಸಿದ, ಪ್ಲಗ್ಗಿನ ಕಿಡಿ ಹಾರುವ ಟೈಮಿಂಗ್ ಸ್ವಲ್ಪ ಮುಂದೆ ತಂದ. ಕಾರ್ಬೊರೇಟರಿನ ಮಿಶ್ರಣದ ಸ್ಕ್ರೂ ಒಂದೊಂದನ್ನೇ ಇಂಜಿನ್ ತಡವರಿಸುವವರೆಗೆ ಬಿಗಿದು, ಮತ್ತೆ ಅಷ್ಟಷ್ಟೇ ಸಡಿಲಿಸಿದ. ಗೇರಿಗೆ ಹಾಕಿ, ಬ್ರೇಕ್ ಒತ್ತಿ ಒತ್ತಿ ನೋಡಿ, ಕಾರು ನಿಂತಾಗ ಇಂಜಿನ್ ತಿರುಗುವ ಐಡ್ಲಿಂಗ್ ವೇಗವನ್ನು ಮೇಲಕ್ಕೇ ನಿಲ್ಲಿಸಿದ.

"ಇದೇನಿದು, ಹೊಲಿಗೆ ಮೆಷಿನ್ ಥರ ಓಡ್ತಿದೆ. ಇನ್ನೂ ಇಳಿಸು. ನಿಂತಲ್ಲೇ ಕುಣೀಬೇಕು ಗಾಡಿ," ಅಂದ ಲಾನಿ.

"ಇದಕ್ಕಿಂತ ಕೆಳಗೆ ಬೇಡ. ಇಂಜಿನ್ ಎಳೆಯೋ ಗಾಳಿಯಿಂದಾನೇ ನಿನ್ನ ಬ್ರೇಕಿಗೆ ಬಲ. ಈ ಕ್ಯಾಮ್ ಹಾಕಿದ ಮೇಲೆ ಆ ಎಳೆತಾನೇ ಕಮ್ಮಿ. ಇನ್ನೂ ಇಳಿಸಿದ್ರೆ, ನಾಲ್ಕು ಸಲ ತುಳಿಯೋ ಹೊತ್ತಿಗೆ ಪೆಡಲ್ ಕಲ್ಲಾಗತ್ತೆ."

"ಅಮ್ಮನಿಗಿಂತ ಮುದುಕಿ ಆಗ್ಬಿಟ್ಟೆ ನೀನು."

"ಆಗಿರ್ಲಿ. ಈ ಸ್ಕ್ರೂ ಮಾತ್ರ ಮುಟ್ಬೇಡ."

ಹಾಗೆಂದು ಐಡ್ಲಿಂಗ್ ಸ್ಕ್ರೂ ಮೇಲೆ ಒಂದು ತೊಟ್ಟು ಹಳದಿ ಬಣ್ಣ ಹಚ್ಚಿದ.

ಮುಂದಿನ ಶನಿವಾರ ಬಿಸಿಲು ಇನ್ನೂ ಇಳಿದಿರಲಿಲ್ಲ. ಮುಖ್ಯ ಬೀದಿಯ ಇಳಿಜಾರಿನಲ್ಲಿ ಲಾನಿಯ ಕಾರು ಎಲ್ಲರೂ ತಿರುಗಿ ನೋಡುವಂತೆ ಗುಡುಗುತ್ತ, ಮತ್ತೆ ಮತ್ತೆ ಬ್ರೇಕ್ ತುಳಿಸಿಕೊಂಡು ನಡಿಗೆಯ ವೇಗದಲ್ಲಿ ಬಂತು. ನಿಂತಿದ್ದ ಒಂದು ಟ್ರಕ್ಕಿನ ಹಿಂದೆ ವೆಸ್ಟಾ ರಸ್ತೆ ದಾಟುತ್ತಿದ್ದಳು. ಬರುತ್ತಿರುವವನು ಲಾನಿ ಎಂದು ಗೊತ್ತಿದ್ದರಿಂದ ಅವಳು ಅವಸರ ಮಾಡಲಿಲ್ಲ, ಕೈ ಬೀಸಿದಳಂತೆ. ಅವನು ಬ್ರೇಕ್ ಮೇಲೆ ಎದ್ದು ನಿಂತರೂ ಕಾರು ನಿಲ್ಲಲಿಲ್ಲ. ಟ್ರಕ್ಕಿನ ಬಂಪರಿಗೂ ಕಾರಿಗೂ ನಡುವೆ ಅವಳನ್ನು ಒತ್ತಿಯೇ ನಿಂತಿತು.

ಅಲ್ಲೇ, ಜನರೆದುರಿಗೆ, ಲಾನಿ ಅಳುತ್ತ ಹೇಳಿದ: "ಬ್ರೇಕ್ ಹಿಡೀಲೇ ಇಲ್ಲ. ಟ್ಯೂನಿಂಗ್ ಮಾಡಿದ್ದು ಅಣ್ಣ. ಅವನನ್ನೇ ಕೇಳಿ."

ಮರುದಿನ ಡೆಲ್ಬರ್ಟ್ ಬಾನೆಟ್ ಎತ್ತಿ ನೋಡಿದ. ಹಳದಿ ಬಣ್ಣ ಬಿರುಕು ಬಿಟ್ಟಿತ್ತು. ಯಾರೋ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿದ್ದರು. ಅವನು ಬಾನೆಟ್ ಮುಚ್ಚುವಷ್ಟರಲ್ಲಿ ಇರ್ಮಾ ಹಿಂದೆ ಬಂದು ನಿಂತಿದ್ದಳು.

"ಲಾನಿ ನನಗೆ ಹೇಳಿದ," ಅಂದಳು. "ಅವನೇ ತಿರುಗಿಸಿದ್ದು ಅಂತ ಗೊತ್ತಾದ್ರೆ ಜೈಲಿಗೆ ಹಾಕ್ತಾರೆ. ಜೋಲೀನ್ ಹೊಟ್ಟೇಲಿ ಮಗು ಇದೆ. ನೀನು ಕೆಲಸದಲ್ಲಿ ತಪ್ಪಾಯ್ತು ಅಂದ್ರೆ ಅಷ್ಟಕ್ಕೇ ಮುಗೀತು."

"ವೆಸ್ಟಾಗೆ ಏನಮ್ಮಾ ಹೇಳ್ಲಿ?"

"ಅವಳಿಗೆ ನಿನ್ನ ಮೇಲೆ ಮನಸ್ಸಿದ್ರೆ ಕ್ಷಮಿಸ್ತಾಳೆ."

ಅವನು ಪೊಲೀಸರೆದುರು ತಪ್ಪೊಪ್ಪಿಕೊಂಡ. ವೆಸ್ಟಾಳ ಎಡಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿದ್ದರು. ಅವನು ಆಸ್ಪತ್ರೆಗೆ ಬಂದಾಗ ನಾನು ಕೋಣೆಯಲ್ಲೇ ಇದ್ದೆ.

"ನಿಜ ಹೇಳು ಡೆಲ್ಬರ್ಟ್. ನೀನೇ ಹಾಗೆ ಮಾಡಿಟ್ಟಿದ್ದಾ?" ಎಂದು ಅವಳು ಕೇಳಿದಳು.

"ಹೂಂ. ನಾನೇ."

ಅವನು ಸ್ಕ್ರೂಗೆ ಬಣ್ಣ ಹಚ್ಚಿದ್ದನ್ನು ನಾನು ಕಂಡಿದ್ದೆ; ಆದರೂ ಅವನೇ ಒಪ್ಪಿಕೊಂಡಾಗ, ತಮ್ಮನ ಒತ್ತಾಯಕ್ಕೆ ಆಮೇಲೆ ತಾನೇ ಇಳಿಸಿರಬೇಕು ಅಂದುಕೊಂಡೆ. "ಇನ್ನು ಬರಬೇಡ," ಅಂದಳು.

ಆಮೇಲೆ ಶೆಡ್ಡಿಗೆ ಕಾರು ಬರುವುದು ನಿಂತಿತು. ಹುಲ್ಲು ಕತ್ತರಿಸುವ ಯಂತ್ರ, ಹಳೆಯ ಟ್ರ್ಯಾಕ್ಟರು ರಿಪೇರಿ ಮಾಡಿಕೊಂಡು ಅವನು ಹೊಟ್ಟೆ ಹೊರೆದ. ಮುಖ್ಯ ಬೀದಿಯಲ್ಲಿ ವೆಸ್ಟಾ ಊರುಗೋಲು ಹಿಡಿದು ಬರುವುದು ಕಂಡರೆ ಅಡ್ಡ ಬೀದಿಗೆ ಇಳಿಯುತ್ತಿದ್ದ. ಲಾನಿ ಮರದ ವ್ಯಾಪಾರಕ್ಕೆ ಇಳಿದು ಬೆಳೆದ, ಚರ್ಚಿನ ಹಿರಿಯರಲ್ಲಿ ಒಬ್ಬನಾದ. ಹೀಗೆಯೇ ಇಪ್ಪತ್ತು ವರ್ಷ ಹೋಯಿತು.

ಇರ್ಮಾ ತೀರಿಕೊಂಡಳು. ಮಣ್ಣು ಮಾಡಿ ಬಂದು ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಿದ್ದೆವು. ಲಾನಿ ನೆಂಟರ ನಡುವೆ ಹಳೆಯ ಕಾರುಗಳ ಮಾತು ತೆಗೆದು, "ಅಣ್ಣ ಮಾಡಿಕೊಟ್ಟ ಇಂಜಿನ್ನಲ್ಲಿ ಆವತ್ತು ನಾನೇ ಸಾಯಬೇಕಿತ್ತು. ಆದ್ರೂ ಅವನ ಮೇಲೆ ನನಗೇನೂ ಸಿಟ್ಟಿಲ್ಲ ನೋಡಿ," ಅಂದ. ಡೆಲ್ಬರ್ಟ್ ತಟ್ಟೆ ಬಿಟ್ಟು ಎದ್ದ.

ಆ ಮಧ್ಯಾಹ್ನವೇ ನಮ್ಮ ಮನೆಗೆ ಬಂದ. ವೆಸ್ಟಾ ಜಗಲಿಯಲ್ಲಿ ಬೀನ್ಸ್ ಬಿಡಿಸುತ್ತಿದ್ದಳು. ನಾನು ಎದ್ದು ಹೋಗಲು ನೋಡಿದರೆ "ನೀನೂ ಕೂತು ಕೇಳು," ಎಂದು, ಎಲ್ಲವನ್ನೂ ಹೇಳಿದ. ಸ್ಕ್ರೂ, ಬಣ್ಣ, ತಾಯಿ ಆಡಿದ ಮಾತು, ಒಂದನ್ನೂ ಬಿಡಲಿಲ್ಲ. ವೆಸ್ಟಾಳ ಕೈ ನಿಲ್ಲಲೇ ಇಲ್ಲ.

"ಗೊತ್ತು," ಅಂದಳು.

"ಏನು?"

"ಆ ವರ್ಷದ ಚಳಿಗಾಲದಲ್ಲೇ ಜೋಲೀನ್ ಬಂದು ಅತ್ತು ಹೇಳಿ ಹೋಗಿದ್ಲು. ಕಂಕುಳಲ್ಲಿ ಕೂಸಿತ್ತು. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟೆ."

ಡೆಲ್ಬರ್ಟ್ ಕಂಬ ಹಿಡಿದುಕೊಂಡ. "ಗೊತ್ತಿದ್ದೂ ಒಂದು ಸಲ ಕರೀಲಿಲ್ವಲ್ಲ ನೀನು."

"ಯಾಕೆ ಕರೀಲಿ? ಕಾಲು ಕಳ್ಕೊಂಡು ಮಲಗಿದ್ದಾಗ ಮುಖ ನೋಡಿ ಕೇಳಿದೆ. ನೀನು ನಿಮ್ಮಮ್ಮನ ಕಡೆ ನಿಂತೆ. ಬಂದು ಹೇಳ್ತೀಯ ಅಂತ ಕಾದೆ. ಇದೇ ಊರಲ್ಲಿದ್ದೆ ನೀನು. ಅವಳು ಸಾಯೋವರೆಗೂ ಬರ್ಲಿಲ್ಲ."

"ಈಗ ಬಂದಿದೀನಲ್ಲ."

"ಈಗ ನಿನಗೆ ಹೇಳಿ ಹಗುರಾಗಬೇಕಿತ್ತು, ಬಂದೆ."

ಅವನು ಮತ್ತೇನೋ ಹೇಳಲು ಬಾಯಿ ತೆರೆದ. ಅವಳು ಊರುಗೋಲು ಎಳೆದುಕೊಂಡು, ಬೀನ್ಸಿನ ಬೋಗುಣಿ ನನ್ನ ಕೈಗಿತ್ತು ಒಳಗೆ ಹೋದಳು.

ತಾಯಿಯ ಮನೆ ಲಾನಿಯ ಪಾಲಿಗೆ ಹೋಯಿತು. ಇರ್ಮಾ ಹಾಗೆಂದೇ ಬರೆದಿಟ್ಟಿದ್ದಳು. ಶೆಡ್ ಕೆಡವಿದರು. ಡೆಲ್ಬರ್ಟ್ ಪಕ್ಕದ ಜಿಲ್ಲೆಗೆ ಹೋಗಿ, ಯಾರದೋ ಹೊಲದ ಯಂತ್ರಗಳನ್ನು ನೋಡಿಕೊಂಡು ಐದಾರು ವರ್ಷ ಇದ್ದು, ಅಲ್ಲೇ ಸತ್ತ. ಸುದ್ದಿ ತಂದವನು ಲಾನಿ. ಅಂಗಡಿಯ ಕಟ್ಟೆಗೆ ಒರಗಿ ನಿಂತು, "ಅಣ್ಣ ಪಾಪ, ಕೊನೇವರೆಗೂ ಆ ಒಂದು ತಪ್ಪಿಗೆ ಕೊರಗಿದ," ಅಂದ.

ನಾನು ಅವನ ಮುಖ ನೋಡಿದೆ. ಅವನು ಅದನ್ನು ನಂಬಿಯೇ ಹೇಳುತ್ತಿದ್ದ.