ನಾಲ್ಕು ಬೆರಳು ಕಡಿಮೆ

ಬಾಗಿಲು ಅಂದರೆ ನನಗೆ ಸೊಂಟನೋವು. ಕುರ್ಡಿಯ ನಮ್ಮ ಮನೆಯಲ್ಲಿ ಇಪ್ಪತ್ತರ ವಯಸ್ಸಿಗೇ ಬಾಗಿ ಒಳಗೆ ಹೋಗಿ ಬಾಗಿ ಹೊರಗೆ ಬರುತ್ತಿದ್ದೆ. ರಾಯಚೂರಿನ ಬಸ್ಸಿನಲ್ಲಿ ಕತ್ತು ಮಡಚಿಕೊಂಡು ನಿಲ್ಲಬೇಕು. ಇಳಿದರೆ ಯಾರಾದರೊಬ್ಬ, "ಯಣ್ಣಾ, ಮ್ಯಾಲೆ ಗಾಳಿ ಹೆಂಗದ?" ಎನ್ನುತ್ತಾನೆ. ಆ ಮಾತು ತನಗೇ ಮೊದಲು ಹೊಳೆದದ್ದು ಎಂಬ ಹಮ್ಮಿನಲ್ಲಿ ನಗುತ್ತಾನೆ. ಮೊದಮೊದಲು ನಾನೂ ನಗುತ್ತಿದ್ದೆ. ಆಮೇಲೆ ಸಾಕುಸಾಕಾಯಿತು.

ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಸೋದರಮಾವನಿಗೆ ಮಾತ್ರ ನನ್ನ ಉದ್ದ ಎಂದರೆ ಹೆಮ್ಮೆ. ದೇಶಕ್ಕೆಲ್ಲ ಎತ್ತರದವನು ತನ್ನ ಅಳಿಯನೇ ಎಂದು ಅವನೇ ತೀರ್ಮಾನ ಮಾಡಿಬಿಟ್ಟ. ಗಿರಣಿಯ ಅಂಗಳದಲ್ಲಿ ಹಿರಿಯರನ್ನು ಕೂಡಿಸಿ ಅಳತೆ ಇಟ್ಟುಕೊಂಡ. ನಮ್ಮ ಕಡೆ ಮೊದಲು ಸನ್ಮಾನ, ಕೆಲಸ ಆಮೇಲೆ. ಕುರ್ಚಿ ಹತ್ತಿ ನನಗೆ ಜರಿಯ ರುಮಾಲು ಸುತ್ತಿದರು, ಶಾಲು ಹೊದಿಸಿದರು. ಟೇಪು ಹಿಡಿದವನು ರುಮಾಲು ತೆಗೆಯಬೇಕು ಎಂದಾಗ ಹಿರಿಯರೊಬ್ಬರು ರೇಗಿದರು: "ಸನ್ಮಾನದ ರುಮಾಲು ತೆಗಸ್ತೀಯೇನಲೇ? ಬರೇ ತಲಿಲೆ ನಿಲ್ಲಾಕ ಇದೇನು ಸತ್ತ ಮನೀನಾ?" ಹೀಗೆ ರುಮಾಲಿನ ತುದಿಯವರೆಗೂ ಅಳೆದರು. ಆ ಅಳತೆಯೇ ಪತ್ರಿಕೆಗೆ ಹೋಯಿತು. ದೇವದುರ್ಗದವರೂ ಕರೆಸಿ ಇನ್ನೊಂದು ಶಾಲು ಹೊದಿಸಿದರು. ಮೊಣಕಾಲು ನೋಯುತ್ತಿತ್ತು, ಕೂಡು ಎಂದವರು ಯಾರೂ ಇಲ್ಲ.

ಕೊನೆಗೆ ದೇಶದ ಎತ್ತರದವರ ದಾಖಲೆ ಬರೆಯುವವರು ದೂರದ ಊರಿಂದ ಬಂದರು. ಬರಿಗಾಲು, ಬರಿತಲೆಯಲ್ಲಿ ನಿಲ್ಲಿಸಿ ಅಳೆದರು, ಮಲಗಿಸಿಯೂ ಅಳೆದರು. ದಾಖಲೆಗೆ ನಾಲ್ಕು ಬೆರಳು ಕಡಿಮೆ ಬಿತ್ತು. ಮಾವನ ಮುಖ ಸಣ್ಣದಾಯಿತು. ಆದರೂ ಬಿಡದೆ, "ಹುಡುಗ ಇನ್ನಾ ಬೆಳ್ಯಾಕತ್ತಾನ್ರೀ, ಬರೋ ವರ್ಷ ಬರ್ರಿ," ಎಂದ.

ಅಷ್ಟರಲ್ಲಿ ನನಗೆ ಬದಿಯಿಂದ ಬರುವ ಗಾಡಿಗಳು ಕಾಣದಂತಾಗಿದ್ದವು. ಎರಡೂ ಕಡೆ ಪರದೆ ಎಳೆದ ಹಾಗೆ. ರಾಯಚೂರಿನ ಡಾಕ್ಟರು ಬಿಡಿಸಿ ಹೇಳಿದರು. ಮಿದುಳಿನ ಕೆಳಗಿನ ಗ್ರಂಥಿಯಲ್ಲಿ ಗಂಟಾಗಿದೆ. ನಾನು ಬೆಳೆಯುತ್ತಿರುವುದು ಅದರಿಂದಲೇ, ಕಣ್ಣಿನ ನರವನ್ನು ಒತ್ತುತ್ತಿರುವುದೂ ಅದೇ. ತೆಗೆದರೆ ಬೆಳೆಯುವುದು ನಿಲ್ಲುತ್ತದೆ, ಈಗಿರುವಷ್ಟು ನೋಟ ಉಳಿದೀತು. ತಡ ಮಾಡಿದರೆ ಅದೂ ಹೋಗುತ್ತದೆ.

"ಒಂದು ವರ್ಷ ತಡಿಯೂಣು," ಎಂದ ಮಾವ. "ನಾಕು ಬಳ್ಳಿನ ಮಾತು. ಆಮ್ಯಾಲೆ ಎಂಥಾ ದೊಡ್ಡ ದವಾಖಾನಿ ಅಂತೀ, ನಾನೇ ಕರಕೊಂಡು ಹೋಗ್ತೀನಿ." ಅವನದು ಕೆಟ್ಟ ಮನಸ್ಸಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಹಿರಿಯರೂ ಹೌದೌದು ಎಂದರು. ವಾದ ಮಾಡುವುದಕ್ಕೂ ಮೈಯಲ್ಲಿ ತ್ರಾಣ ಬೇಕು. ನನಗೆ ಇರಲಿಲ್ಲ.

ಹೀಗೆಯೇ ಕೆಲವು ತಿಂಗಳು ಕಳೆದವು. ಒಂದು ಮಧ್ಯಾಹ್ನ ಗಿರಣಿಯಲ್ಲಿ ಅಕ್ಕಿ ಚೀಲದ ಮೇಲೆ ಮಾವನ ಎದುರಿಗೆ ಕುಳಿತಿದ್ದೆ. ಯಂತ್ರದ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಅವ್ವ ಊಟ ತರುತ್ತೇನೆ ಎಂದಿದ್ದಳು. ಹಸಿವಾಗಿತ್ತು. "ಮಾವಾ, ಅವ್ವ ಇನ್ನಾ ಬರಲಿಲ್ಲೇನು?" ಎಂದು ಕೂಗಿ ಕೇಳಿದೆ.

ಮಾವ ನನ್ನ ಎಡಗಡೆಗೇ ನೋಡುತ್ತಿದ್ದ. ಕತ್ತು ಪೂರ್ತಿ ಹೊರಳಿಸಿದೆ. ಅವ್ವ ಅಲ್ಲೇ, ನನ್ನ ಭುಜಕ್ಕೆ ತಾಗುವಷ್ಟು ಹತ್ತಿರ, ನೀರಿನ ತಂಬಿಗೆ ನನ್ನತ್ತ ಚಾಚಿಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಮಾವ ಎದ್ದು ಹೋಗಿ ಯಂತ್ರ ನಿಲ್ಲಿಸಿದ. "ನಾಳೀಗೇ ಹೋಗೂಣು, ಅಕ್ಕಾ," ಎಂದ. ಅವಳ ಮುಖ ನೋಡಲಿಲ್ಲ.

ಆಪರೇಶನ್ ಆಯಿತು, ಬೆಳೆಯುವುದು ನಿಂತಿತು. ಆ ತಿಂಗಳುಗಳಲ್ಲಿ ಹೋದ ನೋಟ ಮಾತ್ರ ತಿರುಗಿ ಬರಲಿಲ್ಲ. ಅವ್ವ ಈಗ ಊಟಕ್ಕೆ ನನ್ನ ಪಕ್ಕದಲ್ಲಿ ಕೂಡುವುದಿಲ್ಲ, ಎದುರಿಗೇ ಕೂಡುತ್ತಾಳೆ.